ಮಾರ್ಚ್ ಬಂತು, ರಾಬಿನ್ ಬಂತಾ? ಮಿಷಿಗನ್‌ಗೆ ಹೊಸದಾಗಿ ಬಂದವರಿಗೆ

ಇಲ್ಲಿಗೆ ಬಂದ ಹೊಸದರಲ್ಲಿ ಚಳಿಗಾಲದ ಬಗ್ಗೆ ಎಲ್ಲರೂ ಬುದ್ಧಿ ಹೇಳುತ್ತಾರೆ. ಯಾವ ಜಾಕೆಟ್ ಕೊಳ್ಳಬೇಕು, ಕಾರಿಗೆ ಯಾವ ಟೈರ್ ಹಾಕಿಸಬೇಕು ಅಂತೆಲ್ಲ. ಆ ಚಳಿ ಮುಗಿಯೋದು ಯಾವಾಗ ಅಂತ ಮಾತ್ರ ಯಾರೂ ಹೇಳಲ್ಲ. ಯುಗಾದಿ ಒಬ್ಬಟ್ಟು ತಿಂದ ಮೇಲೂ ಎಷ್ಟೋ ವರ್ಷ ನಾನು ಸಲಿಕೆ ಹಿಡಿದು ಹಿಮ ಎತ್ತಿ ಹಾಕಿದ್ದೇನೆ. ಹಾಗಾಗಿ ಕ್ಯಾಲೆಂಡರ್ ನೋಡುವುದು ಬಿಟ್ಟು ರಾಬಿನ್ ಹಕ್ಕಿ ನೋಡಲು ಶುರು ಮಾಡಿದೆ.

ಬೂದು ಬೆನ್ನು, ಇಟ್ಟಿಗೆ ಬಣ್ಣದ ಎದೆ, ಹಳದಿ ಕೊಕ್ಕು. ಮಿಷಿಗನ್ ರಾಜ್ಯದ ಹಕ್ಕಿ ಇದೇ. ನಮ್ಮೂರಿನ ಮಡಿವಾಳ ಹಕ್ಕಿಗೂ ಇಂಗ್ಲಿಷ್‌ನಲ್ಲಿ ರಾಬಿನ್ ಅನ್ನುತ್ತಾರೆ, ಆದರೆ ಎರಡಕ್ಕೂ ಹತ್ತಿರದ ನಂಟಿಲ್ಲ. ಇಂಗ್ಲೆಂಡಿನಿಂದ ಇಲ್ಲಿಗೆ ಬಂದವರು ತಮ್ಮೂರಿನ ಕೆಂಪೆದೆಯ ಪುಟ್ಟ ಹಕ್ಕಿಯನ್ನು ನೆನೆದು ಇದಕ್ಕೂ ಅದೇ ಹೆಸರಿಟ್ಟರು. ಊರು ಬಿಟ್ಟು ಬಂದವರು ಯಾವ ಕಾಲದಲ್ಲೂ ಹೀಗೇ, ಅಲ್ವಾ?

ಈ ಹಕ್ಕಿ ಉತ್ತರಕ್ಕೆ ಬರುವುದು ಎರೆಹುಳುವಿನ ಹಿಂದೆ. ಸರಾಸರಿ ಉಷ್ಣಾಂಶ 37 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 3 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಹೊತ್ತಿಗೆ ನೆಲ ಸಡಿಲವಾಗುತ್ತದೆ, ಹುಳು ಮೇಲೆ ಬರುತ್ತದೆ, ಹಿಂದೆಯೇ ರಾಬಿನ್. ದೇಶದ ತುಂಬ ಜನ ತಮ್ಮ ತಮ್ಮ ಅಂಗಳದಲ್ಲಿ ಕಂಡದ್ದನ್ನು ದಿನಾಂಕ ಹಾಕಿ ಬರೆದರೆ, ವಸಂತ ದಕ್ಷಿಣದಿಂದ ಮೇಲೇರಿ ಬರುವುದು ನಕ್ಷೆಯಲ್ಲೇ ಕಾಣುತ್ತದೆ. 1994ರಲ್ಲಿ ಶುರುವಾದ ಜರ್ನಿ ನಾರ್ತ್ ಎಂಬ ಯೋಜನೆಯಲ್ಲಿ ಸಾಮಾನ್ಯ ಜನ, ಶಾಲೆ ಮಕ್ಕಳು ಸೇರಿ ಮಾಡಿದ್ದು ಇದನ್ನೇ. ಕಂಡ ಹಕ್ಕಿಗಳನ್ನು ಬರೆದಿಡಲು ಕಾರ್ನೆಲ್ ವಿಶ್ವವಿದ್ಯಾಲಯದ ಹಕ್ಕಿ ಸಂಸ್ಥೆಯವರ ಇ-ಬರ್ಡ್ ಆ್ಯಪ್ ಕೂಡ ಇದೆ, ಅದು ಪುಕ್ಕಟೆ, ಫೋನಿನಲ್ಲೇ ಸಾಕು. ಪಕ್ಷಿತಜ್ಞರಾಗಿರಬೇಕಾಗಿಲ್ಲ.

ಮೊದಲ ವರ್ಷ ನಾನು ಮಾಡಿದ ಎಡವಟ್ಟು ಕೇಳಿ. ಜನವರಿಯಲ್ಲಿ, ಮೊಣಕಾಲುದ್ದ ಹಿಮದಲ್ಲಿ, ಕ್ರ್ಯಾಬ್‌ಆ್ಯಪಲ್ ಮರದಲ್ಲಿ ಮೂವತ್ತು ರಾಬಿನ್ ಕಂಡವು. ವಸಂತ ಬಂದೇಬಿಟ್ಟಿತು ಅಂತ ಸ್ನೇಹಿತರಿಗೆಲ್ಲ ಫೋನ್ ಮಾಡಿದೆ. ಆಮೇಲೆ ಗೊತ್ತಾಯಿತು, ಒಂದಷ್ಟು ರಾಬಿನ್‌ಗಳು ದಕ್ಷಿಣಕ್ಕೆ ಹೋಗುವುದೇ ಇಲ್ಲ, ಹಣ್ಣು ಸಿಕ್ಕರೆ ಚಳಿಗಾಲವಿಡೀ ಇಲ್ಲೇ ಗುಂಪಾಗಿ ತಿರುಗಾಡಿಕೊಂಡಿರುತ್ತವೆ. ಆದ್ದರಿಂದ ಹಕ್ಕಿ ಕಂಡಿತು ಅಂತ ಬರೆದರೆ ಸಾಲದು, ಏನು ಮಾಡುತ್ತಿತ್ತು ಅಂತ ಬರೆಯಿರಿ. ಮರದಲ್ಲಿ ಹಣ್ಣು ತಿನ್ನುತ್ತಿತ್ತಾ, ಹುಲ್ಲಿನ ಮೇಲೆ ನಾಲ್ಕು ಹೆಜ್ಜೆ ಓಡಿ, ನಿಂತು, ತಲೆ ವಾರೆ ಮಾಡಿ ಹುಳು ಎಳೆಯುತ್ತಿತ್ತಾ? ಹಾಡಿತಾ? ಗಂಡುಗಳು ಮೊದಲು ಬರುತ್ತವೆ, ಬಂದು ಜಾಗ ಹಿಡಿದ ಮೇಲೆ ನಸುಕಿನಲ್ಲೇ ಹಾಡು ಶುರು. ಆ ಮೊದಲ ಹಾಡಿನ ದಿನಾಂಕ ತುಂಬ ಬೆಲೆಯುಳ್ಳದ್ದು. ದನಿ ಗುರುತು ಸಿಗದಿದ್ದರೆ ಮರ್ಲಿನ್ ಆ್ಯಪ್ ಕಿವಿಗೊಟ್ಟು ಹೇಳುತ್ತದೆ, ಆದರೂ ಒಮ್ಮೆ ಕಣ್ಣಾರೆ ನೋಡಿಕೊಳ್ಳಿ.

ದಿನಾ ಒಂದೇ ಜಾಗ, ಒಂದೇ ಹೊತ್ತು, ಹತ್ತು ನಿಮಿಷ ಸಾಕು. ಕಾಫಿ ಲೋಟ ಹಿಡಿದು ಅಡುಗೆಮನೆ ಕಿಟಕಿಯಲ್ಲಿ ನಿಂತರೂ ಆಯಿತು. ಸುಮ್ನೆ ಅಂದಾಜಿಗೆ ಜಾಸ್ತಿ ಬರೆಯಬೇಡಿ. ಒಂದೂ ಕಾಣದ ದಿನವನ್ನೂ ಬರೆದಿಡಿ. ಮನೆಯ ವಿಳಾಸ ಕೊಡಲು ಇಷ್ಟವಿಲ್ಲದಿದ್ದರೆ ಹತ್ತಿರದ ಪಾರ್ಕಿನಲ್ಲಿ ನಿಂತು ಎಣಿಸಿ.

ಹುಲ್ಲಿಗೆ ಔಷಧಿ ಹೊಡೆಸುತ್ತೇವೆ ಅಂತ ಬಾಗಿಲು ತಟ್ಟುವವರಿಗೆ ನಾನು ಬೇಡ ಅನ್ನುತ್ತೇನೆ. 1950ರ ದಶಕದಲ್ಲಿ ಇಲ್ಲೇ ಈಸ್ಟ್ ಲ್ಯಾನ್ಸಿಂಗ್‌ನ ವಿಶ್ವವಿದ್ಯಾಲಯದ ಆವರಣದಲ್ಲಿ ಎಲ್ಮ್ ಮರಗಳ ರೋಗ ತಡೆಯಲು ಡಿಡಿಟಿ ಹೊಡೆದರು. ಉದುರಿದ ಎಲೆಯನ್ನು ಎರೆಹುಳು ತಿಂದವು, ಹುಳುವನ್ನು ರಾಬಿನ್ ತಿಂದವು. ಪ್ರತಿ ವಸಂತದಲ್ಲೂ ಬಂದ ಹಕ್ಕಿಗಳು ಅಲ್ಲೇ ನಡುಗುತ್ತಾ ಬಿದ್ದು ಸತ್ತವು. ಅವು ಸಾಯುತ್ತಿವೆ ಅಂತ ಗೊತ್ತಾಗಿದ್ದೂ ಯಾರೋ ಎಣಿಸಿ ಬರೆದಿಟ್ಟಿದ್ದರಿಂದ.

ಏಪ್ರಿಲ್‌ನಲ್ಲಿ ನಿಮ್ಮ ಬಾಗಿಲ ಮೇಲಿನ ದೀಪದ ಹತ್ತಿರವೇ ಕೆಸರು, ಹುಲ್ಲು ಮೆತ್ತಿ ಗೂಡು ಕಟ್ಟಿದರೆ ಗಾಬರಿಯಾಗಬೇಡಿ. ನೀಲಿ ಮೊಟ್ಟೆ ಕಂಡು ಮಕ್ಕಳು ಕೈ ಹಾಕಲು ಹೋಗುತ್ತಾರೆ, ತಡೆಯಿರಿ. 1918ರ ವಲಸೆ ಹಕ್ಕಿ ಕಾಯ್ದೆ ಪ್ರಕಾರ ಮೊಟ್ಟೆ ತೆಗೆಯುವುದು ಅಪರಾಧ. ಮರಿ ಹೊರಬರಲು ಎರಡು ವಾರ, ಹಾರಲು ಇನ್ನೆರಡು ವಾರ. ನಮ್ಮ ಮನೆಯಲ್ಲಿ ಆ ಒಂದು ತಿಂಗಳು ಮುಂಬಾಗಿಲು ಬಂದ್. ಅತ್ತೆ ಊರಿನಿಂದ ಬಂದಿದ್ದಾಗಲೂ ಗ್ಯಾರೇಜಿನ ಮೂಲಕವೇ ಆರತಿ ಎತ್ತಿ ಒಳಗೆ ಕರೆದುಕೊಂಡೆವು.