ಹಳೇ ಇಕಾನ್, ಎರೆಭೂಮಿಯ ರಸ್ತೆ, ಹೊಸ ಶಾಕ್

ಕಮಲಾಪುರ ದಾಟಿ ಹುಮನಾಬಾದ್ ಕಡೆ ಹೊರಟಿದ್ದೆ. ಹಿಂದಿನ ಸೀಟಿನಲ್ಲಿ ಅಕ್ಕ, ಮಾಮಾ, ಅವರ ಮಗ. ಡಿಕ್ಕಿ ತುಂಬ ಸಾಮಾನು. ಎಂಬತ್ತರ ವೇಗದಲ್ಲಿ ರಸ್ತೆಯ ಒಂದು ಅಲೆ ಹತ್ತಿ ಇಳಿದೆವು. ಮುಂಬದಿ ಸುಮ್ಮನಾಯಿತು. ಹಿಂಬದಿ ಮಾತ್ರ ಮತ್ತೊಮ್ಮೆ ಎದ್ದು, ಕೂತು, ಕೂತಾಗ ಧಡ್ ಎಂದಿತು.

"ಇದು ಗಾಡಿ ಅದನೋ ಜೋಕಾಲಿ ಅದನೋ ತಮ್ಮಾ?" ಎಂದಳು ಅಕ್ಕ.

ನನ್ನದು 2003ರ ಫೋರ್ಡ್ ಇಕಾನ್, 1.6 ಪೆಟ್ರೋಲ್, ಸುಮಾರು 92 ಅಶ್ವಶಕ್ತಿ. ಆಗ 'ಜೋಶ್ ಮಷೀನ್' ಎಂದು ಜಾಹೀರಾತು ಬರುತ್ತಿತ್ತು. ಎಂಜಿನ್ನಿನ ಜೋಶ್ ಈಗಲೂ ಕುಂದಿಲ್ಲ, ದಣಿದದ್ದು ಹಿಂದಿನ ಶಾಕ್‌ಗಳು (ಶಾಕ್ ಅಬ್ಸಾರ್ಬರ್). ಡಿಕ್ಕಿಯ ಮೂಲೆಯನ್ನು ಒತ್ತಿ ಬಿಟ್ಟರೆ ಒಮ್ಮೆ ಎದ್ದು ನಿಲ್ಲಬೇಕು. ನನ್ನದು ಮೂರು ಸಲ ತೂಗುತ್ತಿತ್ತು, ಎಡಗಡೆ ಶಾಕಿನ ಮೈ ಎಣ್ಣೆಯಿಂದ ಒದ್ದೆಯಾಗಿತ್ತು.

ಕಲಬುರಗಿಯಲ್ಲಿ ಗಾಡಿ ಓಡಿಸುವವರಿಗೆ ಎರೆಭೂಮಿಯ ಕಾಟ ಗೊತ್ತು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಮೇಲಿನ ಡಾಂಬರು ಅದರ ಜೊತೆಗೇ ಏರಿಳಿಯುತ್ತದೆ. ಗುಂಡಿಯಾದರೆ ಕಣ್ಣಿಗೆ ಕಾಣುತ್ತದೆ, ಬ್ರೇಕ್ ಹಾಕುತ್ತೇವೆ. ಈ ಉದ್ದನೆಯ ಅಲೆ ಕಾಣುವುದಿಲ್ಲ. ಅದು ಸ್ಪ್ರಿಂಗನ್ನು ಪೂರ್ತಿ ಒತ್ತಿ ಬಿಡುತ್ತದೆ. ಬಿಟ್ಟ ಸ್ಪ್ರಿಂಗ್ ಹಾರಿ ಬರುವಾಗ ಹಿಡಿದು ನಿಲ್ಲಿಸುವುದು ಶಾಕಿನ ಕೆಲಸ. ಸ್ಪ್ರಿಂಗ್ ಎಷ್ಟು ಬಿರುಸೋ ಅಷ್ಟು ಜೋರಾಗಿ ವಾಪಸ್ ಒದೆಯುತ್ತದೆ. ಇದು ತಲೆಗೆ ಹೋಗುವ ಮೊದಲು ನಾನೂ ಬಿರುಸು ಸ್ಪ್ರಿಂಗನ್ನೇ ಹುಡುಕುತ್ತಿದ್ದೆ.

ಸಲಹೆಗಳಿಗೇನು ಬರವಿರಲಿಲ್ಲ. ನಮ್ಮ ಮಿಸ್ತ್ರಿ ಚಾಚಾ, "ಸ್ಪ್ರಿಂಗ್ನ್ಯಾಗ ಎರಡು ರಬ್ಬರ್ ಬಫರ್ ಬಡದ್ ಬಿಡ್ತೀನಿ ತಮ್ಮಾ, ಗಾಡಿ ಎತ್ತರ ಆಗ್ತದ" ಎಂದರು.

"ಸ್ಪ್ರಿಂಗ್ ಬಿರುಸಾಗ್ತದ ಖರೆ ಚಾಚಾ. ಆದ್ರ ಶಾಕ್ ಅದೇ ಹಳೀದು ಇರ್ತದಲ್ಲ?"

ಚಾಚಾ ಬೀಡಿ ಆರಿಸಿ, "ಅದೂ ಹೌದು" ಎಂದರು.

ಇನ್ನೊಬ್ಬ ಗೆಳೆಯ ಗಾಡಿ 40 ಮಿ.ಮೀ. ಇಳಿಸುವ ಕಾಯಿಲ್‌ಓವರ್ (ಸ್ಪ್ರಿಂಗ್, ಶಾಕ್ ಒಟ್ಟಿಗೇ ಇರುವ) ಸೆಟ್ಟಿನ ಫೋಟೋ ಕಳಿಸಿದ. ನೋಡಲು ಚಂದ, ಆಸೆಯೂ ಆಯಿತು. ಆಸೆ ಇಳಿಸಿದ್ದು ಒಂದು ಪ್ಲಾಸ್ಟಿಕ್ ಕೇಬಲ್ ಟೈ. ಶಾಕಿನ ರಾಡಿಗೆ ಅದನ್ನು ಬಿಗಿದು ಒಂದು ವಾರ ಓಡಿಸಿದೆ. ಶಾಕ್ ಒಳಗೆ ಹೋದಷ್ಟೂ ಟೈ ರಾಡಿನ ಮೇಲೆ ಸರಿಯುತ್ತದೆ, ಆಮೇಲೆ ಅಲ್ಲೇ ಉಳಿಯುತ್ತದೆ. ನಾನೊಬ್ಬನೇ ಇದ್ದಾಗ ಬಂಪ್ ಸ್ಟಾಪಿಗೆ (ಶಾಕ್ ಪೂರ್ತಿ ಒಳಗೆ ಹೋದಾಗ ಬಡಿಯುವ ರಬ್ಬರ್ ತಡೆ) ಎರಡು ಬೆರಳಿನಷ್ಟು ಜಾಗ ಉಳಿದಿತ್ತು. ನಾಲ್ವರು ಕೂತು ಮಹಾಗಾಂವ್ ಕ್ರಾಸಿಗೆ ಹೋಗಿ ಬಂದಾಗ ಟೈ ಬಂಪ್ ಸ್ಟಾಪಿಗೇ ಅಂಟಿಕೊಂಡಿತ್ತು. ಇರುವ ಜಾಗವೇ ಸಾಲದ ಗಾಡಿಯನ್ನು ಇನ್ನೂ ಇಳಿಸಿದರೆ ದಿನವೂ ಬಂಪ್ ಸ್ಟಾಪಿನ ಮೇಲೆಯೇ ಕೂತು ಓಡಿಸಬೇಕು. ಹಿಂಬದಿಯನ್ನು ತೀರ ಬಿರುಸು ಮಾಡಿದರೆ ಇನ್ನೊಂದು ಅಪಾಯ: ಇದು ಮುಂಚಕ್ರ ಎಳೆಯುವ, ಮೂತಿ ಭಾರದ ಗಾಡಿ. ಮಳೆಯಲ್ಲಿ ತಿರುವಿನ ನಡುವೆ ಗಾಬರಿಯಾಗಿ ಆಕ್ಸಿಲರೇಟರ್ ಬಿಟ್ಟರೆ ಹಿಂಬದಿ ಹೊರಗೆ ಜಾರುತ್ತದೆ.

ಕೊನೆಗೆ ಆರಿಸಿದ್ದು ಮೂಲ ಎತ್ತರದ್ದೇ ಹೊಸ ಸ್ಪ್ರಿಂಗ್, ನೈಟ್ರೋಜನ್ ತುಂಬಿದ ಗ್ಯಾಸ್ ಶಾಕ್. ಮೇ ತಿಂಗಳಲ್ಲಿ 43 ಡಿಗ್ರಿ ಕಾಯುವ ನಮ್ಮೂರಲ್ಲಿ ಬರೀ ಎಣ್ಣೆಯ ಶಾಕ್ ಎಡೆಬಿಡದೆ ಕುಣಿದರೆ ಎಣ್ಣೆ ನೊರೆಗಟ್ಟಿ ಹಿಡಿತ ಸಡಿಲುತ್ತದೆ. ಗ್ಯಾಸಿನ ಒತ್ತಡ ಆ ನೊರೆಯನ್ನು ತಡೆಯುತ್ತದೆ. ಫೋರ್ಡ್ ಇಲ್ಲಿ ಗಾಡಿ ತಯಾರಿಕೆ ನಿಲ್ಲಿಸುವುದಾಗಿ 2021ರಲ್ಲಿ ಹೇಳಿದ್ದರಿಂದ, ಸಿಕ್ಕಾಗಲೇ ಮೇಲಿನ ಮೌಂಟ್, ಬಂಪ್ ಸ್ಟಾಪ್ ಎಲ್ಲ ಒಟ್ಟಿಗೆ ತಂದಿಟ್ಟೆ. ತರುವ ಮೊದಲು ಹಳೇ ಶಾಕ್ ಬಿಚ್ಚಿ, ಪೂರ್ತಿ ಎಳೆದಾಗಿನ ಉದ್ದ ಮತ್ತು ಪೂರ್ತಿ ಒತ್ತಿದಾಗಿನ ಉದ್ದ ಟೇಪು ಹಿಡಿದು ಬರೆದುಕೊಂಡಿದ್ದೆ. ಡಬ್ಬಿಯ ಮೇಲಿನ ಹೆಸರು ನಂಬಿ ಕೊಳ್ಳಬೇಡಿ.

ಇನ್ನು ಬುಶ್, ಅಂದರೆ ಕೀಲಿನ ಬೋಲ್ಟಿನ ಸುತ್ತ ಕೂರುವ ರಬ್ಬರ್. ಎರಡು ವರ್ಷದ ಹಿಂದೆ ಒಂದು ಗ್ಯಾರೇಜಿನಲ್ಲಿ ಹಿಂದಿನ ಬೀಮಿನ (ಎರಡೂ ಹಿಂಚಕ್ರ ಜೋಡಿಸುವ ಅಡ್ಡ ತೊಲೆ) ಬುಶ್ ಹೊಸದು ಹಾಕಿಸಿದ್ದೆ. ಎಂಟೇ ತಿಂಗಳಿಗೆ ಹರಿದವು. ಮಾಲು ಖರಾಬು ಎಂದು ಬೈದುಕೊಂಡಿದ್ದೆ. ತಪ್ಪು ಮಾಲಿನದಲ್ಲ, ಚಕ್ರ ಗಾಳಿಯಲ್ಲಿ ಜೋತುಬಿದ್ದಿದ್ದಾಗಲೇ ಬೋಲ್ಟ್ ಬಿಗಿದಿದ್ದರು. ಹಾಗೆ ಬಿಗಿದರೆ ಗಾಡಿ ನೆಲಕ್ಕಿಳಿದ ಕೂಡಲೇ ಒಳಗಿನ ರಬ್ಬರ್ ತಿರುಚಿಕೊಳ್ಳುತ್ತದೆ, ನಿಂತ ಗಾಡಿಯಲ್ಲೂ ಎಳೆದುಕೊಂಡೇ ಇರುತ್ತದೆ.

ಈ ಸಲ ಚಾಚಾ ಬೋಲ್ಟ್ ಕೈಯಿಂದ ಸಿಗಿಸಿಟ್ಟು, ಹಿಂದಿನ ಎರಡೂ ಟಯರಿನ ಕೆಳಗೆ ದಪ್ಪ ಶಹಾಬಾದ್ ಫರಶಿಗಳನ್ನು ಒಂದರ ಮೇಲೊಂದು ಜೋಡಿಸಿದರು. ಗಾಡಿಯ ಪೂರ್ತಿ ಭಾರ ಚಕ್ರದ ಮೇಲೆ ಬಿತ್ತು. ಭದ್ರತೆಗೆ ಬಾಡಿಯ ಕೆಳಗೆ ಸ್ಟ್ಯಾಂಡೂ ಇತ್ತು. ಆಮೇಲೆ ಒಳಗೆ ತೂರಿ ಪಾನಾ ಹಿಡಿದರು. ಪಾಲಿಯುರೇಥೇನ್ ಬುಶ್ ಹಾಕಿಸಲಿಲ್ಲ. ತಿರುಚಿಕೊಳ್ಳುವುದೇ ಈ ಬೀಮಿನ ಕೆಲಸ, ಅಲ್ಲಿ ಅಷ್ಟು ಗಟ್ಟಿ ಬುಶ್ ಬೇಡ ಅನ್ನಿಸಿತು. ಹಿಂಚಕ್ರದ ಕೋನ ಹೊಂದಿಸುವ ಸ್ಕ್ರೂ ಇದರಲ್ಲಿ ಇಲ್ಲ, ಆದರೂ ಅಲೈನ್‌ಮೆಂಟ್ ಅಳೆಸಿದೆ. ಬೀಮ್ ಬಾಗಿದ್ದರೆ ಅಲ್ಲಿ ಗೊತ್ತಾಗುತ್ತದೆ. ಬಾಗಿರಲಿಲ್ಲ.

ಮುಂದಿನ ಭಾನುವಾರ ಅದೇ ಜನ, ಅದೇ ಸಾಮಾನು, ಅದೇ ಅಲೆ. ಹಿಂಬದಿ ಒಮ್ಮೆ ಎದ್ದು ಕೂತಿತು. ಸಣ್ಣ ಗುಂಡಿಗಳು ಮೊದಲಿಗಿಂತ ಬೆನ್ನಿಗೆ ಹೆಚ್ಚು ತಿಳಿಯುತ್ತವೆ, ಗ್ಯಾಸ್ ಶಾಕಿಗೆ ಅಷ್ಟು ತೆರಬೇಕು. ಅಕ್ಕ ಏನೂ ಅನ್ನಲಿಲ್ಲ, ನಿದ್ದೆ ಹೋಗಿದ್ದಳು. ಹಿಂದೆ ಎಲ್ಲೋ ಟಕ್ ಟಕ್ ಸದ್ದು ಮಾತ್ರ ಬರುತ್ತಲೇ ಇತ್ತು. ಹುಮನಾಬಾದಿನಲ್ಲಿ ಡಿಕ್ಕಿ ತೆಗೆದು ನೋಡಿದರೆ ಸ್ಟೆಪ್ನಿ ಪಕ್ಕದ ಜ್ಯಾಕ್. ಹಳೇ ಟವೆಲ್ ಸುತ್ತಿಟ್ಟೆ.