ಬಾಕ್ಸಿಂಗ್ ಕಲಿಯೋಕೆ ಹೊರಟಿದ್ದೀರಾ? ಮೊದಲು ಪಟ್ಟಿ ಸುತ್ತಿ

ಗ್ಲೌಸ್ ಕೊಳ್ಳೋಕೆ ಅವಸರ ಮಾಡಬೇಡಿ. ಮೊದಲು ಕೈಗೆ ಸುತ್ತುವ ಪಟ್ಟಿ ತಗೊಳ್ಳಿ, ನಾಲ್ಕೂವರೆ ಮೀಟರ್ ಉದ್ದದ್ದು. ನಾನು ಮೊದಲ ವಾರ ಪಟ್ಟಿ ಇಲ್ಲದೆ ಬರೀ ಗ್ಲೌಸ್ ಹಾಕಿ, ಗುದ್ದೋಕೆ ನೇತುಹಾಕಿದ ಚೀಲಕ್ಕೆ ಗುದ್ದಿದೆ. ಮಣಿಕಟ್ಟು ಊದಿಕೊಂಡು ಎರಡು ದಿನ ಪೆನ್ನು ಹಿಡಿಯೋಕಾಗಲಿಲ್ಲ. ಬಿ.ಕಾಂ. ಎರಡನೇ ವರ್ಷ, ನಾಡಿದ್ದೇ ಇಂಟರ್ನಲ್ಸ್. ಗೆಳತಿಯ ನೋಟ್ಸ್ ಬೇಡಿಕೊಂಡು ಕೂತಿದ್ದೆ.

ಸುತ್ತುವುದು ಹೀಗೆ. ಬೆರಳುಗಳನ್ನು ಪೂರ್ತಿ ಅಗಲಿಸಿ. ತುದಿಯ ಕುಣಿಕೆಯನ್ನು ಹೆಬ್ಬೆರಳಿಗೆ ಸಿಕ್ಕಿಸಿ ಪಟ್ಟಿಯನ್ನು ಕೈಯ ಹಿಂಬದಿಗೆ ಎಳೆಯಿರಿ, ಅಂಗೈ ಕಡೆಗಲ್ಲ. ಉಲ್ಟಾ ಸುತ್ತಿದರೆ ಮುಷ್ಟಿ ಕಟ್ಟುವಾಗ ಸಡಿಲ ಆಗುತ್ತದೆ. ಮಣಿಕಟ್ಟಿಗೆ ಮೂರು ಸುತ್ತು. ಅಲ್ಲಿಂದ ಓರೆಯಾಗಿ ಮೇಲೆ ಬಂದು ಗೆಣ್ಣುಗಳ ಮೇಲೆ ಮೂರು ಸುತ್ತು. ಆಮೇಲೆ ಬೆರಳ ಸಂದಿಗಳು, ಕಿರುಬೆರಳ ಕಡೆಯಿಂದ ಒಂದೊಂದಾಗಿ, ಪ್ರತಿ ಸಲ ಮಣಿಕಟ್ಟಿಗೆ ವಾಪಸ್ ಬಂದು. ಹೆಬ್ಬೆರಳಿಗೊಂದು ಸುತ್ತು, ಉಳಿದದ್ದೆಲ್ಲ ಗೆಣ್ಣಿಗೆ ಮತ್ತು ಮಣಿಕಟ್ಟಿಗೆ. ಮುಷ್ಟಿ ಕಟ್ಟಿದರೆ ಬಿಗಿ ಅನ್ನಿಸಬೇಕು, ಬಿಚ್ಚಿದರೆ ಹಾಯಾಗಿರಬೇಕು. ಬೆರಳ ತುದಿ ಜುಮ್ಮೆಂದರೆ ಬಿಚ್ಚಿ ಮತ್ತೆ ಸುತ್ತಿ. ನನಗೆ ಇದು ಕೈಗೆ ಹತ್ತೋಕೆ ಮೂರು ವಾರ ಬೇಕಾಯಿತು. ಎಡಗೈಯಿಂದ ಬಲಗೈಗೆ ಸುತ್ತುವುದು ಈಗಲೂ ಅಷ್ಟಕ್ಕಷ್ಟೇ.

ನಮ್ಮ ಕಡೆ ಇನ್ನೊಂದು ಪೇಚಾಟ ಇದೆ. ಮಳೆಗಾಲದಲ್ಲಿ ಪಟ್ಟಿ ಒಣಗೋದೇ ಇಲ್ಲ. ಎರಡು ಜೊತೆ ಇಟ್ಟುಕೊಳ್ಳಿ. ಮನೆ ಇರುವುದು ತೀರ್ಥಹಳ್ಳಿ ಹತ್ತಿರ, ಶನಿವಾರ ಹೋದಾಗ ಬಚ್ಚಲ ಒಲೆ ಮೇಲಿನ ಹಗ್ಗಕ್ಕೆ ಹಾಕುತ್ತೇನೆ. ಸೋಮವಾರ ಶಿವಮೊಗ್ಗದ ಕ್ಲಾಸಿನಲ್ಲಿ ನನ್ನ ಕೈಯೆಲ್ಲ ಹೊಗೆ ವಾಸನೆ. ಗ್ಲೌಸ್ ಮಾತ್ರ ಒಲೆ ಹತ್ತಿರ ತರಬೇಡಿ, ಬಿಸಿಗೆ ಬಿರುಕು ಬಿಡುತ್ತದೆ. ಒಳಗೆ ಹಳೇ ಪೇಪರ್ ತುರುಕಿ ಫ್ಯಾನ್ ಕೆಳಗಿಡಿ. ಬ್ಯಾಗಲ್ಲೇ ಮರೆತರೆ ಮೂರೇ ದಿನಕ್ಕೆ ಬೂಸ್ಟು.

ಇನ್ನು ಕಾಲು. ಬಲಗೈಯವರಾದರೆ ಎಡಗಾಲು ಮುಂದೆ, ಬಲಗಾಲು ಹಿಂದೆ, ಹಿಂದಿನ ಹಿಮ್ಮಡಿ ಸ್ವಲ್ಪ ಎತ್ತಿರಬೇಕು. ಮುಂದೆ ಹೋಗುವಾಗ ಮುಂದಿನ ಕಾಲು ಮೊದಲು, ಹಿಂದೆ ಬರುವಾಗ ಹಿಂದಿನದು ಮೊದಲು. ಕಾಲು ಅಡ್ಡಡ್ಡ ದಾಟಿಸಬಾರದು. ಪಾಚಿ ಕಟ್ಟಿದ ಅಂಗಳದಲ್ಲಿ, ಅಡಿಕೆ ಸೋಗೆ ಹಾಸೋ ಮೊದಲು, ನಾವು ಹೇಗೆ ನಡೀತೀವಿ ಹೇಳಿ? ಮೊಣಕಾಲು ಸಡಿಲ, ಹೆಜ್ಜೆ ಸಣ್ಣ. ಅದೇ ನಡಿಗೆ. ‘ಇದೊಂದು ನಿಂಗೆ ಹುಟ್ಟಿನಿಂದಲೇ ಬಂದಿದೆ’ ಅಂದಿದ್ದರು ನಮ್ಮ ಸರ್. ಬೇರೆ ಯಾವುದಕ್ಕೂ ಅವರು ಹೊಗಳಿದ್ದು ನೆನಪಿಲ್ಲ.

ಮೊದಲ ತಿಂಗಳು ಜ್ಯಾಬ್ ಮತ್ತು ಕ್ರಾಸ್ ಸಾಕು. ಪಕ್ಕದಿಂದ ಬೀಸುವ ಹುಕ್, ಕೆಳಗಿಂದ ಮೇಲೆ ಹೊಡೆಯುವ ಅಪ್ಪರ್‌ಕಟ್ ಆಮೇಲೆ. ಜ್ಯಾಬ್ ಅಂದರೆ ಮುಂದಿನ ಕೈಯ ನೇರ ಗುದ್ದು. ಹೋದ ದಾರಿಯಲ್ಲೇ ಕೆನ್ನೆ ಹತ್ತಿರ ವಾಪಸ್ ಬರಬೇಕು. ನನ್ನ ಕೈ ಯಾವಾಗಲೂ ಸೊಂಟದ ಕಡೆ ಜಾರುತ್ತಿತ್ತು. ಸರ್ ಬಲ ಕಂಕುಳಲ್ಲಿ ಒಂದು, ಎಡ ಕಂಕುಳಲ್ಲಿ ಒಂದು ಟೆನಿಸ್ ಬಾಲ್ ಇಟ್ಟು ಗಾಳಿಗೆ ಗುದ್ದು ಅಂದರು. ಗುದ್ದುವ ಕೈಯದು ಬೀಳುತ್ತದೆ ಬಿಡಿ, ಕಾಯುವ ಕೈಯದು ಬೀಳಬಾರದು. ಕ್ರಾಸ್ ಅಂದರೆ ಹಿಂದಿನ ಕೈಯ ನೇರ ಗುದ್ದು. ಅದರ ಶಕ್ತಿ ಬರೋದು ತೋಳಿನಿಂದಲ್ಲ. ಹಿಂದಿನ ಪಾದ ಬೀಡಿ ತುಂಡು ಹೊಸಕಿದ ಹಾಗೆ ತಿರುಗಬೇಕು, ಸೊಂಟ ತಿರುಗಬೇಕು, ಕೈ ಕೊನೆಗೆ. ಗುದ್ದುವಾಗ ಉಸಿರು ಹೊರಗೆ ಬಿಡಿ. ತೋರುಬೆರಳು, ನಡುಬೆರಳಿನ ಗೆಣ್ಣು ತಾಗಬೇಕು. ಕಿರುಬೆರಳಿನ ಕಡೆ ತಾಗಿದರೆ ಮೂಳೆ ಮುರಿಯಬಹುದು.

ಒಂದು ರೌಂಡ್ 3 ನಿಮಿಷ, ನಡುವೆ 1 ನಿಮಿಷ ಬಿಡುವು. ಪರೀಕ್ಷೆ ಹಾಲಿನಲ್ಲಿ 3 ನಿಮಿಷ ಅಂದರೆ ಹೆಸರು, ನಂಬರ್ ಬರೆಯೋಕೂ ಸಾಲದು. ಚೀಲದ ಮುಂದೆ ಮುಗಿಯೋದೇ ಇಲ್ಲ. ನಾನು ಮೊದಲ 40 ಸೆಕೆಂಡಲ್ಲಿ ಇದ್ದಬದ್ದ ಶಕ್ತಿ ಸುರಿದು, ಆಮೇಲೆ ಚೀಲ ಅಪ್ಪಿಕೊಂಡು ನಿಲ್ಲುತ್ತಿದ್ದೆ. ಮೊಬೈಲ್ ಟೈಮರ್ ಇಟ್ಟು ಮೊದಲ ನಿಮಿಷ ಬರೀ ಜ್ಯಾಬ್ ಮಾಡಿ. ಉತ್ತರ ಪತ್ರಿಕೆಯಲ್ಲೂ ಮೊದಲ ಪ್ರಶ್ನೆಗೆ ಆರು ಪುಟ ಬರೆದು ಕೊನೆಯದಕ್ಕೆ ನಾಲ್ಕು ಸಾಲು ಬರೆಯುವವಳು ನಾನು. ಅದು ಹೋದ ಸೆಮಿಸ್ಟರ್‌ನಿಂದ ಕಡಿಮೆಯಾಗಿದೆ. ಚೀಲದಿಂದಲೋ ಏನೋ.

ಸೇರುವ ಮೊದಲು ‘ಸ್ಪಾರಿಂಗ್ ಯಾವಾಗ ಮಾಡಿಸ್ತೀರಿ?’ ಅಂತ ಕೇಳಿ. ಸ್ಪಾರಿಂಗ್ ಅಂದರೆ ಎದುರಿಗೊಬ್ಬರನ್ನು ನಿಲ್ಲಿಸಿ ಆಡಿಸುವ ಅಭ್ಯಾಸದ ಪಂದ್ಯ. ‘ಇವತ್ತೇ’ ಅಂದರೆ ಚಪ್ಪಲಿ ಹಾಕಿಕೊಂಡು ಹೊರಡಿ. ನಾನು ಮೊದಲು ಹೋದ ಕಡೆ ನಾಲ್ಕನೇ ದಿನವೇ ಒಬ್ಬಳ ಎದುರು ನಿಲ್ಲಿಸಿದರು, ಹಲ್ಲಿಗೆ ಗಾರ್ಡ್ ಕೂಡ ಇಲ್ಲದೆ. ಏಟು ಬರುವುದು ಕಂಡ ಕೂಡಲೇ ಕಣ್ಣು ಮುಚ್ಚಿದೆ. ಮೂಗಲ್ಲಿ ರಕ್ತ. ಈಗಿನ ಸರ್ ಎರಡೂವರೆ ತಿಂಗಳು ಸ್ಪಾರಿಂಗ್ ಬದಲು ಬರೀ ಭುಜ ಮುಟ್ಟುವ ಆಟ ಆಡಿಸಿದರು. ಎದುರಿನವರ ಭುಜ ಅಂಗೈಯಿಂದ ಮುಟ್ಟಬೇಕು, ನಮ್ಮದು ತಪ್ಪಿಸಿಕೊಳ್ಳಬೇಕು. ನಗುತ್ತಾ ಆಡುವ ಆಟ. ಕಣ್ಣು ಮುಚ್ಚುವ ಚಾಳಿ ಹೋಗಿದ್ದು ಅಲ್ಲೇ. ತಲೆಗೆ ಏಟು ಬಿದ್ದು ತಲೆನೋವು, ವಾಕರಿಕೆ, ಮಂಪರು ಬಂದರೆ ಅವತ್ತಿಗೆ ಆಟ ಬಂದ್. ಡಾಕ್ಟರಿಗೆ ತೋರಿಸಿ, ಅವರು ಆಗಬಹುದು ಅನ್ನುವ ತನಕ ರಿಂಗ್ ಹತ್ತಬೇಡಿ.

ಮನೆಯಲ್ಲಿ ಒಪ್ಪಿಸುವುದು ಬೇರೆಯೇ ರೌಂಡ್. ‘ಎಂತದೇ ಅದು, ಹೊಡೆದಾಟ ಕಲಿಯಕ್ಕೂ ದುಡ್ಡು ಕೊಡದಾ?’ ಅಂದಿದ್ದರು ಅಪ್ಪ. ಹೆಂಗಸರ ಬಾಕ್ಸಿಂಗ್ ಒಲಿಂಪಿಕ್ಸ್‌ಗೆ ಬಂದಿದ್ದೇ 2012ರಲ್ಲಿ, ಆ ವರ್ಷವೇ ಮೇರಿ ಕೋಮ್ ಕಂಚು ತಂದರು ಅಂತೆಲ್ಲ ಹೇಳಿದೆ. ‘ಅವಳು ಮಣಿಪುರದವಳು’ ಅಂದರು. ಅದಕ್ಕೇನು ಉತ್ತರ ಕೊಡೋದು?

ದಸರಾ ರಜೆಯಲ್ಲಿ ಚೀಲ ಕಟ್ಟಿಕೊಟ್ಟಿದ್ದು ಮಾತ್ರ ಅವರೇ. ಎರಡು ಗೋಣಿ ಒಂದರೊಳಗೊಂದು ಹಾಕಿ, ಹಳೇ ಸೀರೆ, ಪಂಚೆ, ಬೆಡ್‌ಶೀಟ್ ಹರಿದು ಗಟ್ಟಿಯಾಗಿ ತುಂಬಿ. ಮರಳು ಬೇಡ, ತಳಕ್ಕಿಳಿದು ಕಲ್ಲಾಗುತ್ತದೆ. ಗೋಣಿ ಚರ್ಮ ತರಚುತ್ತದೆ, ಹೊರಗೊಂದು ಹಳೇ ಜಮಖಾನ ಹೊಲಿಯಿರಿ. ಚೀಲದ ತಳ ಸೊಂಟದ ಮಟ್ಟಕ್ಕಿರಲಿ. ಕೊಟ್ಟಿಗೆ ತೊಲೆಗೆ ನೇತುಹಾಕಿ, ಸುತ್ತ ಓಡಾಡೋಕೆ ಜಾಗ ಬಿಟ್ಟು.

ಕಟ್ಟಿ ಮುಗಿಸಿದವರೇ ಅಪ್ಪ ಒಂದು ಗುದ್ದೋಕೆ ಕೈ ಎತ್ತಿದರು. ತಡೀರಿ ಅಂತ ನಿಲ್ಲಿಸಿ ಪಟ್ಟಿ ಸುತ್ತಿದೆ. ಅಡಿಕೆ ಸುಲಿದು ಸುಲಿದು ದಪ್ಪಗಾದ ಬೆರಳುಗಳು. ಹೆಬ್ಬೆರಳಿನ ಹೊತ್ತಿಗೆ ನಾಲ್ಕೂವರೆ ಮೀಟರೂ ಮುಗಿದಿತ್ತು.