ಅಡಿಕೆ ಮಂಡಿ ಲೆಕ್ಕದಿಂದ ಟೆಕ್ನಿಕಲ್ ರೈಟಿಂಗ್‌ಗೆ

ಬಿಕಾಂ ಮುಗಿಸಿ ಶಿರಸಿಯ ಅಡಿಕೆ ಮಂಡಿಯಲ್ಲೋ ಕಾರವಾರದ ಯಾವುದೋ ಆಫೀಸಿನಲ್ಲೋ ಲೆಕ್ಕ ಬರೆಯುತ್ತಿದ್ದೀರಿ, ಈಗ ಟೆಕ್ನಿಕಲ್ ರೈಟಿಂಗ್ ಕಡೆ, ಅಂದರೆ ಸಾಫ್ಟ್‌ವೇರ್ ಬಳಸುವುದು ಹೇಗೆ ಅಂತ ಹೆಜ್ಜೆ ಹೆಜ್ಜೆಯಾಗಿ ಬರೆದುಕೊಡುವ ಕೆಲಸದ ಕಡೆ ಮನಸ್ಸು ಹೋಗಿದೆ ಅಂದ್ರೆ, ಮೊದಲು ಪೈಥಾನ್‌ನಂಥ ಪ್ರೋಗ್ರಾಮಿಂಗ್ ಕೋರ್ಸಿಗೆ ದುಡ್ಡು ಕಟ್ಟಬೇಡಿ. ಬಿಲ್ಲಿಂಗ್, ಜಿಎಸ್‌ಟಿ ಸಾಫ್ಟ್‌ವೇರ್ ಮಾಡುವವರಿಗೂ ಬರೆಯುವವರು ಬೇಕು. ಅಲ್ಲಿ ನಿಮ್ಮ ಲೆಕ್ಕದ ಜ್ಞಾನವೇ ಬಂಡವಾಳ.

ಒಂದು ಸ್ಯಾಂಪಲ್ ಬರಹದಿಂದ ಶುರು ಮಾಡಿ. ದಿನದ ಕೆಲಸದಲ್ಲಿ ಜನ ಎಡವುವ ಒಂದೇ ಜಾಗ ಹಿಡಿಯಿರಿ. ಚಾಲಿ ಅಡಿಕೆ ತುಂಬಿಕೊಂಡು ಗುಜರಾತಿಗೆ ಹೊರಟ ಲಾರಿ ಮುಂಡಗೋಡದ ಹತ್ತಿರ ಕೆಟ್ಟು ನಿಂತಿತು, ಮಾಲನ್ನು ಬೇರೆ ಲಾರಿಗೆ ಹಾಕಿದರು ಅಂತಿಟ್ಟುಕೊಳ್ಳಿ. ಇ-ವೇ ಬಿಲ್ (ಸರಕು ಸಾಗಣೆಗೆ ಪೋರ್ಟಲ್‌ನಲ್ಲಿ ಮಾಡಿಸುವ ಜಿಎಸ್‌ಟಿ ದಾಖಲೆ) ಕಥೆ ಏನು? ಹೊಸದು ಬೇಡ, ಅದರಲ್ಲಿ ವಾಹನದ ವಿವರ ಇರುವ ಪಾರ್ಟ್ ಬಿಯಲ್ಲಿ ಹೊಸ ಲಾರಿಯ ನಂಬರ್ ಹಾಕಿ ಕಾರಣ ಆರಿಸಬೇಕು. ಆದರೆ ಲಾರಿ ಬದಲಾಯಿತು ಅಂತ ಬಿಲ್ಲಿನ ಅವಧಿ ಹೆಚ್ಚುವುದಿಲ್ಲ. ಮಾಮೂಲಿ ಸರಕಿಗೆ 200 ಕಿ.ಮೀ.ಗೆ ಒಂದು ದಿನದ ಲೆಕ್ಕ, ಅದು ಮೊದಲಿನಿಂದಲೇ ಓಡುತ್ತಿರುತ್ತದೆ. ಅವಧಿ ವಿಸ್ತರಿಸಬೇಕಾದರೆ, ಅದು ಮುಗಿಯುವ 8 ಗಂಟೆ ಮೊದಲಿನಿಂದ ಮುಗಿದ 8 ಗಂಟೆಯೊಳಗೆ ಆಗಬೇಕು. ಈ ಎಚ್ಚರಿಕೆಯನ್ನು ಕೊನೆಯಲ್ಲಿ ಬರೆದರೆ ಯಾರೂ ಓದಲ್ಲ, ನಂಬರ್ ಬದಲಿಸುವ ಹೆಜ್ಜೆಗಿಂತ ಮೊದಲೇ ಬರಲಿ.

ಇಂಗ್ಲಿಷಿನಲ್ಲಿ ಬರೆಯಿರಿ, ಈ ಕೆಲಸ ಹೆಚ್ಚಾಗಿ ಇಂಗ್ಲಿಷಿನದ್ದೇ. ಒಂದು ಹೆಜ್ಜೆಗೆ ಒಂದೇ ಕೆಲಸ. ಬಟನ್ ಹೆಸರು ಸ್ಕ್ರೀನಿನಲ್ಲಿ ಹೇಗಿದೆಯೋ ಹಾಗೇ. ಸ್ಕ್ರೀನ್‌ಶಾಟ್‌ನಲ್ಲಿ ಗಿರಾಕಿಯ ಹೆಸರು, ಜಿಎಸ್‌ಟಿ ನಂಬರ್ ಕಾಣಲೇಬಾರದು. ಆಮೇಲೆ ಆ ಪೋರ್ಟಲ್ಲನ್ನೇ ನೋಡಿರದ ಒಬ್ಬರ ಕೈಗೆ ಕೊಟ್ಟು, ಪಕ್ಕದಲ್ಲಿ ಸುಮ್ನೆ ಕೂತು ನೋಡಿ. ಬಾಯಿ ಬಿಡಬೇಡಿ, ಕಷ್ಟ ಆಗುತ್ತೆ ಅಂತ ಗೊತ್ತು! ಅವರು ಎಲ್ಲಿ ನಿಂತರೋ ಅಲ್ಲಿ ತಿದ್ದಿ.

ಗೂಗಲ್‌ನ ಟೆಕ್ನಿಕಲ್ ರೈಟಿಂಗ್ ಕೋರ್ಸು, ಮೈಕ್ರೋಸಾಫ್ಟ್‌ನ ಸ್ಟೈಲ್ ಗೈಡು (ಬರವಣಿಗೆಯ ನಿಯಮಗಳ ಕೈಪಿಡಿ) ಎರಡೂ ಪುಕ್ಕಟೆ ಸಿಗುತ್ತವೆ. ಮಾರ್ಕ್‌ಡೌನ್ (ಸರಳ ಚಿಹ್ನೆಗಳಿಂದ ಬರಹವನ್ನು ಜೋಡಿಸುವ ರೀತಿ) ಸುಲಭ. ಗಿಟ್ (ಫೈಲುಗಳ ಬದಲಾವಣೆಯ ದಾಖಲೆ ಇಡುವ ಸಾಧನ) ಸ್ವಲ್ಪ ಜಾಸ್ತಿ ತಲೆ ತಿನ್ನುತ್ತದೆ, ಆದರೂ ಕಲಿಯಿರಿ.

ಸ್ಯಾಂಪಲ್ಲನ್ನು ಗಿಟ್‌ಹಬ್‌ನಲ್ಲಿ (ಗಿಟ್ ಫೈಲುಗಳನ್ನು ಎಲ್ಲರಿಗೂ ಕಾಣುವಂತೆ ಇಡಬಹುದಾದ ಜಾಲತಾಣ) ಹಾಕಿದ ಮೇಲೆ ಗ್ನುಕ್ಯಾಶ್, ಇಆರ್‌ಪಿನೆಕ್ಸ್ಟ್ ತರಹದ ಓಪನ್ ಸೋರ್ಸ್, ಅಂದರೆ ಯಾರು ಬೇಕಾದರೂ ತಿದ್ದುಪಡಿ ಸೂಚಿಸಬಹುದಾದ ಲೆಕ್ಕದ ಸಾಫ್ಟ್‌ವೇರಿನ ಡಾಕ್ಯುಮೆಂಟ್ ತೆರೆದು, ಹಳತಾದ ಒಂದು ಹೆಜ್ಜೆ ಹುಡುಕಿ ತಿದ್ದುಪಡಿ ಕಳಿಸಿ. ವಿಮರ್ಶೆ ಬರುತ್ತದೆ, ನೀವು ಉತ್ತರಿಸುತ್ತೀರಿ, ಆ ಮಾತುಕತೆ ಅಲ್ಲೇ ಉಳಿಯುತ್ತದೆ. ನನ್ನ ಪ್ರಕಾರ ಹತ್ತು ಸರ್ಟಿಫಿಕೇಟಿಗಿಂತ ಇದೇ ವಾಸಿ, ಯಾಕಂದ್ರೆ ಎಂಜಿನಿಯರುಗಳ ಜೊತೆ ಹೇಗೆ ಏಗುತ್ತೀರಿ ಅಂತ ಇದರಲ್ಲಿ ಕಾಣುತ್ತದೆ.

ರೆಸ್ಯೂಮೆಯಲ್ಲಿ ಮಂಡಿ ಕೆಲಸವನ್ನು ಮುಚ್ಚಿಡಬೇಡಿ, ಮೇಲೇ ಇರಲಿ. ಕೆಲಸ ಬಿಡುವುದು ಮಾತ್ರ ಆಫರ್ ಲೆಟರ್ ಕೈಗೆ ಬಂದ ಮೇಲೆ. ಅದೂ ಅಡಿಕೆ ಸೀಸನ್ನಿನ ನಡುವೆ ಬೇಡ, ಸಾಹುಕಾರರು ಬೈದುಕೊಳ್ಳುತ್ತಾರೆ.